ಚೋಟಮ್ಮನ ಗಾಡಿ

ಅವಳಿಗೆ ಚೋಟು ಎಂದು ಹೆಸರಿಟ್ಟದ್ದು ಬೀದಿಯ ಜನ. ಅದಕ್ಕೆ ‘ಅಮ್ಮ’ ಸೇರಿಸಿಕೊಂಡದ್ದು ಅವಳೇ. ಓರಗೆಯ ಹುಡುಗಿಯರೆಲ್ಲ ನೋಡನೋಡುತ್ತ ಉದ್ದವಾಗುತ್ತ ಹೋದರೆ ಅವಳು ಮಾತ್ರ ಒಂದು ಹಂತಕ್ಕೆ ಬಂದು ನಿಂತುಬಿಟ್ಟಳು. ಕೈಕಾಲು ಗಿಡ್ಡ, ತಲೆ ಭುಜ ಎಲ್ಲರಂತೆ. ಮೂಲೆಯಂಗಡಿಯ ಮುಂದೆ ಒಂದು ದಿನ ಯಾರೋ “ಏ ಚೋಟು” ಎಂದು ಕೂಗಿದಾಗ ಅವಳು ಓಡಿಹೋಗಲಿಲ್ಲ. ಸೊಂಟಕ್ಕೆ ಕೈಯಿಟ್ಟು ತಿರುಗಿ ನಿಂತು, “ಕರೆಯೋದೇ ಆದ್ರೆ ಮರ್ಯಾದೆ ಕೊಟ್ಟು ಕರೀರಿ. ಚೋಟಮ್ಮ ಅನ್ನಿ” ಎಂದಳು. ಗೇಲಿಗೆಂದು ಬಂದವರ ಬಾಯಿ ಕಟ್ಟಿಹೋಯಿತು. ಆಮೇಲೆ ಇಡೀ ಬೀದಿಗೆ ಅವಳು ಚೋಟಮ್ಮನೇ ಆದಳು.

ಅವಳ ಸೋದರಮಾವನ ಶೆಡ್ಡು ಟೈರು ಗೋದಾಮಿಗೂ ಬಾಗಿಲು ಮುಚ್ಚಿದ ಚಿತ್ರಮಂದಿರಕ್ಕೂ ನಡುವೆ ಒತ್ತಿಕೊಂಡು ನಿಂತಿತ್ತು. ತಗಡಿನ ಮಾಡು, ಎಣ್ಣೆ ಕುಡಿದು ಕಪ್ಪಾದ ನೆಲ, ಗೋಡೆಯ ತುಂಬ ನೇತುಹಾಕಿದ ಹ್ಯಾಂಡಲ್‌ಗಳು. ಹಳೆಯ ಮೋಟಾರ್‌ಸೈಕಲ್ಲುಗಳನ್ನು ಬಿಚ್ಚಿ, ಕತ್ತರಿಸಿ, ಬೆಸೆದು, ಕೇಳಿದವರಿಗೆ ಕೇಳಿದ ಹಾಗೆ ಹೊಸದಾಗಿ ಕಟ್ಟಿಕೊಡುವುದು ಅವರ ಕಸುಬು. ಫ್ರೇಮು ಮತ್ತು ಇಂಜಿನ್ನು ಮಾವನದು. ಒಳಕೋಣೆಯಲ್ಲಿ ಕೂತು ಸೀಟು ಹೊಲಿಯುವವಳು ಚೋಟಮ್ಮನ ತಾಯಿ. ಬಣ್ಣಕ್ಕೆ ಪೇಂಟರ್ ಇದ್ದ. ಅವನ ಬ್ರಶ್ಶಿಗಿಂತ ನಾಲಿಗೆಯೇ ಹೆಚ್ಚು ಓಡುತ್ತಿತ್ತು. ಟ್ಯಾಂಕು ಚೋಟಮ್ಮನದು.

ಟ್ಯಾಂಕಿನ ಕೆಲಸ ಅವಳಿಗೆ ಯಾರೂ ಕಲಿಸಿದ್ದಲ್ಲ. ಚಪ್ಪಟೆ ತಗಡನ್ನು ಮರಳಿನ ಚೀಲದ ಮೇಲಿಟ್ಟು, ಮರದ ಕೊಡತಿಯಿಂದ ಬಡಿದು ಬಡಿದು ಉಬ್ಬಿಸಿ, ಎರಡು ಹೋಳು ಮಾಡಿ ಅಂಚಿಗೆ ಅಂಚು ಕೂಡಿಸುತ್ತಿದ್ದಳು. ಬೆಸುಗೆಯ ಮೇಲೆ ಸೋಪಿನ ನೀರು ಸವರಿ ಗಾಳಿ ತುಂಬಿದರೆ ಒಂದೇ ಒಂದು ಗುಳ್ಳೆ ಏಳುತ್ತಿರಲಿಲ್ಲ. ಅವಳ ಕೈಗೆ ನಿಲುಕುವಂತೆ ಮಾವ ಒಂದು ತಗ್ಗಿನ ಕಟ್ಟೆ ಕಟ್ಟಿಸಿದ್ದ. ಅದರ ಮುಂದೆ ನಿಂತು ಬಡಿಯುತ್ತಿದ್ದರೆ ಅವಳಿಗೆ ಹೊತ್ತು ಹೋದದ್ದೇ ತಿಳಿಯುತ್ತಿರಲಿಲ್ಲ.

ಹೊತ್ತು ತಿಳಿಯುತ್ತಿದ್ದುದು ಮನೆಗೆ ಹೊರಡುವಾಗ. ಮಾವ ತನ್ನ ಗಾಡಿ ಹೊರಗೆ ತೆಗೆದು, ಅವಳ ಕಂಕುಳಿಗೆ ಎರಡೂ ಕೈ ಹಾಕಿ, “ಹಾಂ, ಏಳು” ಎಂದು ಎತ್ತಿ ಹಿಂದಿನ ಸೀಟಿನ ಮೇಲೆ ಕೂರಿಸುತ್ತಿದ್ದ. ಚಿಕ್ಕಂದಿನಿಂದ ಹಾಗೆಯೇ. ಅವಳಿಗೆ ಮೂವತ್ತು ದಾಟಿ, ಕಿವಿಯ ಹತ್ತಿರ ಒಂದು ಬಿಳಿಗೂದಲು ಕಾಣಿಸಿಕೊಂಡ ಮೇಲೂ ಹಾಗೆಯೇ.

ಒಂದು ಮಧ್ಯಾಹ್ನ ಹೊಸದಾಗಿ ಕಟ್ಟಿದ ಗಾಡಿಯೊಂದು ಮುಗಿಯಿತು. ಶೆಡ್ಡಿನಲ್ಲಿ ಒಂದು ರೂಢಿಯಿತ್ತು: ಕೆಲಸ ಮುಗಿದ ಗಾಡಿಯನ್ನು ಕೈಹಾಕಿದವರೆಲ್ಲ ಒಂದೊಂದು ಸುತ್ತು ಓಡಿಸಬೇಕು. ಮಾವ ಒಂದು ಸುತ್ತು ಹೋಗಿಬಂದ. ಪೇಂಟರ್ ಎರಡು ಸುತ್ತು ಹೋಗಿಬಂದ. ತಾಯಿ ಕೂಡ ತಮ್ಮನ ಬೆನ್ನಿಗೆ ಕೂತು ಸೀಟು ಒತ್ತುತ್ತದೋ ಹೇಗೆ ಎಂದು ನೋಡಿಬಂದಳು.

“ನನ್ನ ಸರದಿ ಯಾವಾಗ?” ಎಂದಳು ಚೋಟಮ್ಮ.

ಮಾವ ಜೋರಾಗಿ ನಕ್ಕ. ಕೆಟ್ಟ ನಗೆಯಲ್ಲ, ಅವನಿಗೆ ಅವಳೆಂದರೆ ಪ್ರಾಣ. “ಬಾ, ನಿಂಗೂ ಒಂದು ಸುತ್ತು ಹೊಡಿಸ್ತೀನಿ” ಎಂದು ಅವಳನ್ನು ಎತ್ತಿ ತನ್ನ ಮುಂದೆ, ಅವಳೇ ಬಡಿದು ಮಾಡಿದ ಟ್ಯಾಂಕಿನ ಮೇಲೆ, ಕೂಸನ್ನು ಕೂರಿಸಿದ ಹಾಗೆ ಕೂರಿಸಿದ. ಅವಳ ಕಾಲು ಎರಡೂ ಬದಿಗೆ ಜೋತಾಡಿದವು. ಪೇಂಟರ್ ಸಿಳ್ಳೆ ಹಾಕಿದ.

“ಇಳಿಸು ಮಾವ.”

“ಅರೆ, ಯಾಕೆ? ಒಂದೇ ಸುತ್ತು...”

“ಇಳಿಸು ಅಂದೆ.”

ಆ ದನಿ ಕೇಳಿ ಅವನು ಇಳಿಸಿದ. ಅಂದು ಸಂಜೆ ಅವಳು ಅವನ ಗಾಡಿ ಹತ್ತಲಿಲ್ಲ. ಮಾವ ಪಕ್ಕದಲ್ಲಿ ನಿಧಾನವಾಗಿ ಗಾಡಿ ಓಡಿಸುತ್ತ, “ಕೂತ್ಕೊಳ್ಳೇ, ಜನ ನೋಡ್ತಿದ್ದಾರೆ” ಎಂದು ಗೋಗರೆಯುತ್ತಿದ್ದರೂ ಕಿವಿಯ ಮೇಲೆ ಹಾಕಿಕೊಳ್ಳದೆ ಮನೆಯವರೆಗೂ ನಡೆದೇ ಹೋದಳು. ಮರುದಿನ ಗುಜರಿ ರಾಶಿಯಿಂದ ಒಂದು ಫ್ರೇಮನ್ನು ಎಳೆದು ತಂದು ತನ್ನ ಕಟ್ಟೆಯ ಮುಂದೆ ಹಾಕಿಕೊಂಡಳು.

“ಇದು ಯಾರಿಗೆ?” ಮಾವ ಕೇಳಿದ.

“ನನಗೆ.”

ಮಾವ ಕೈಯಲ್ಲಿದ್ದ ಸ್ಪ್ಯಾನರ್ ಕೆಳಗಿಟ್ಟು ಅವಳೆದುರು ಕುಕ್ಕರಗಾಲಲ್ಲಿ ಕೂತ. “ನೋಡು ಮಗಾ, ನಿನ್ನ ಕೈಲಾಗಲ್ಲ ಅಂತ ನಾನು ಹೇಳ್ತಿಲ್ಲ. ಆದ್ರೆ ಗಾಡಿಗೂ ಒಂದು ಅಳತೆ ಅಂತ ಇರುತ್ತೆ.”

“ಯಾರ ಅಳತೆ?”

“ಯಾರ ಅಳತೆ ಅಂದ್ರೆ? ಎಲ್ಲರ ಅಳತೆ.”

“ಆ ಎಲ್ಲರಲ್ಲಿ ನಾನು ಬರಲ್ವಾ?”

ಮಾವ ಎದ್ದು ಹೋಗಿ ಆಗಲೇ ಬಿಗಿಯಾಗಿದ್ದ ನಟ್ಟೊಂದನ್ನು ಮತ್ತೆ ಬಿಗಿ ಮಾಡತೊಡಗಿದ. ಒಳಕೋಣೆಯಿಂದ ಹೊಲಿಗೆ ಯಂತ್ರದ ಸದ್ದು ನಿಂತು ತಾಯಿಯ ದನಿ ಬಂತು: “ಬೇಡ ಕಣೇ. ಬಿದ್ದು ಕೈಕಾಲು ಮುರ್ಕೊಂಡ್ರೆ ಯಾರು ನೋಡ್ಕೋತಾರೆ? ನಗೋರ ಮುಂದೆ ಜಾರಿ ಬಿದ್ದ ಹಾಗಾಗುತ್ತೆ.”

“ನಗೋರು ನಾನು ಸುಮ್ನೆ ನಿಂತ್ರೂ ನಗ್ತಾರಮ್ಮ. ಓಡಿಸುವಾಗ ನಗಲಿ, ಕೇಳಿಸೋದಾದ್ರೂ ಇಲ್ಲ.”

ಗಿರಾಕಿಗಳ ಕೆಲಸ ಮುಗಿಸಿ ಉಳಿದ ಹೊತ್ತಿನಲ್ಲಿ ಅವಳು ತನ್ನ ಗಾಡಿಗೆ ಕೂರುತ್ತಿದ್ದಳು. ಮೊದಲು ಅವಳು ಮಾಡಿದ್ದು ಯಾರಾದರೂ ಮಾಡುವಂಥದ್ದೇ: ಎಲ್ಲವನ್ನೂ ತಗ್ಗಿಸಿದಳು. ಸಣ್ಣ ಗಾಲಿ ಹಾಕಿದಳು, ಹಿಂದಿನ ಶಾಕ್ ಅಬ್ಸಾರ್ಬರ್ ಕುಗ್ಗಿಸಿದಳು, ಸೀಟಿನ ಕೆಳಗಿನ ಕೊಳವೆ ಕತ್ತರಿಸಿ ಬಗ್ಗಿಸಿದಳು. ಹ್ಯಾಂಡಲ್ಲನ್ನು ತನ್ನ ಕಡೆಗೆ ಎಳೆದುಕೊಂಡಳು. ಕಿಕ್ ಹೊಡೆಯಲು ಮೈಭಾರ ಸಾಲದು ಎಂದು ಕಿಕ್ಕರನ್ನು ಉದ್ದ ಮಾಡಿ, ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಪೂರ್ತಿ ಮೈಯನ್ನು ಅದರ ಮೇಲೆ ಬಿಡುವುದನ್ನು ಅಭ್ಯಾಸ ಮಾಡಿದಳು. ಮೊದಮೊದಲು ಕಿಕ್ಕರು ತಿರುಗಿ ಒದ್ದು ಅವಳನ್ನು ಟೈರುಗಳ ರಾಶಿಗೆ ಎಸೆಯಿತು. ಮಾವ ದೂರದಿಂದ ನೋಡುತ್ತಿದ್ದ. ಸಹಾಯ ಮಾಡುವುದಿಲ್ಲ ಎಂದು ಶಪಥ ಮಾಡಿದವನ ಹಾಗೆ ಕೈ ಕಟ್ಟಿ ನಿಂತಿರುತ್ತಿದ್ದನಾದರೂ, ಬೆಸುಗೆ ಹಾಕುವಾಗ ಮಾತ್ರ ತಡೆಯಲಾರದೆ ಬಂದು, “ಅಲ್ಲಿ ಬೇಡ, ಅಲ್ಲಿ ಜೀವ ಇಲ್ಲ, ಇಲ್ಲಿ ಹಾಕು” ಎಂದು ಬೆರಳು ತೋರಿಸಿ ಹೋಗುತ್ತಿದ್ದ.

ಚಿತ್ರಮಂದಿರದ ಹಿಂದಿನ ಬಯಲಿಗೆ ಗಾಡಿ ತಂದ ದಿನ ಅವಳು ನೆಟ್ಟಗೆ ಹೋದಳು, ಚೆನ್ನಾಗಿಯೇ ಹೋದಳು. ಗಂಟಲಿನಿಂದ ತನಗೆ ಅರಿವಿಲ್ಲದೆ ಒಂದು ಕೇಕೆ ಹೊರಟಿತು. ಬಯಲಿನ ಕೊನೆಯಲ್ಲಿ ತಿರುಗಿಸಲು ಗಾಡಿಯನ್ನು ವಾಲಿಸಿದಳು. ತೀರ ತಗ್ಗಾಗಿದ್ದ ಗಾಡಿಯ ಫುಟ್‌ರೆಸ್ಟು ನೆಲ ಕಚ್ಚಿತು, ಹಿಂದಿನ ಗಾಲಿ ಎದ್ದಿತು. ಕಣ್ಣು ತೆರೆದಾಗ ಅವಳ ಬಾಯಿ ತುಂಬ ಮಣ್ಣು. ಮೊಣಕೈ ಸುಲಿದು ಮಣಿಕಟ್ಟು ಉಳುಕಿತ್ತು.

ಓಡಿಬಂದ ಪೇಂಟರ್, ಅವಳು ಬದುಕಿದ್ದಾಳೆ ಎಂದು ಖಾತ್ರಿಯಾದ ಕೂಡಲೇ, “ಈಗ ನೆಲ ಡೊಂಕು ಅಂತೀಯಾ?” ಎಂದ.

“ನೆಲ ಡೊಂಕಲ್ಲ. ಗಾಡಿ ಡೊಂಕು. ಸರಿ ಮಾಡ್ತೀನಿ” ಎಂದು ಮಣ್ಣು ಉಗಿದಳು.

ಮಾವ ಗಾಡಿಯನ್ನು ಶೆಡ್ಡಿಗೆ ತಳ್ಳಿಕೊಂಡು ಹೋಗಿ, ಇಂಜಿನ್ ಎತ್ತುವ ಸರಪಳಿಗೆ ಸಿಕ್ಕಿಸಿ, ಮಾಡಿನ ತೊಲೆಯವರೆಗೂ ಏರಿಸಿಬಿಟ್ಟ. “ಇನ್ನು ಅದು ಅಲ್ಲೇ ಇರುತ್ತೆ. ಅಕ್ಕನಿಗೆ ನಾನು ಉತ್ತರ ಹೇಳಬೇಕು” ಎಂದು ಊಟಕ್ಕೆ ಹೊರಟುಹೋದ.

ಕೋಪದಲ್ಲಿ ಮಾವ ಒಂದು ಸಂಗತಿ ಮರೆತಿದ್ದ. ಸರಪಳಿ ಎಷ್ಟು ಮೇಲಕ್ಕೆ ಏರಿದರೂ ಎಳೆಯುವ ತುದಿ ನೆಲದವರೆಗೆ ಇಳಿಬಿದ್ದೇ ಇರುತ್ತದೆ. ಅದನ್ನು ಎಳೆಯಲು ಎತ್ತರವೂ ಬೇಡ, ಬಲವೂ ಬೇಡ, ತಾಳ್ಮೆ ಸಾಕು. ಅವನು ಊಟ ಮುಗಿಸಿ ಬರುವಷ್ಟರಲ್ಲಿ ಗಾಡಿ ನೆಲದ ಮೇಲಿತ್ತು. ಚೋಟಮ್ಮ ಉಳುಕಿದ ಕೈಗೆ ಬಟ್ಟೆ ಸುತ್ತಿಕೊಂಡು ಇನ್ನೊಂದು ಕೈಯಲ್ಲಿ ಗಾಲಿ ಬಿಚ್ಚುತ್ತಿದ್ದಳು. ಮಾವ ಬಾಗಿಲಲ್ಲೇ ನಿಂತ. ಬೈಯಲೆಂದು ಬಾಯಿ ತೆರೆದವನಿಗೆ ನಗು ಬಂತು, ನಗಬಾರದೆಂದು ಕೆಮ್ಮಿದ. ಕೊನೆಗೆ, “ಹಿಡಿದ ಹಠ ಬಿಡೋಳಲ್ಲ ನೀನು. ಥೇಟು ನಿಮ್ಮಮ್ಮ” ಎಂದ.

ಒಳಕೋಣೆಯಿಂದ ಅಮ್ಮ ಹೊರಗೆ ಬಂದದ್ದು ಆಗ. ಬಾಯಲ್ಲಿ ಸೂಜಿ, ಕೊರಳಲ್ಲಿ ಅಳತೆ ಟೇಪು. ಮಗಳ ಸುಲಿದ ಮೊಣಕೈ ನೋಡಿದಳು, ಗಾಡಿ ನೋಡಿದಳು. ಸೂಜಿ ತೆಗೆದು ಸೆರಗಿಗೆ ಚುಚ್ಚಿಕೊಂಡು, “ಹತ್ತು, ನೋಡೋಣ” ಎಂದಳು.

ಚೋಟಮ್ಮ ಹತ್ತಿ ಕೂತಳು. ಅಮ್ಮ ಒಂದು ಸುತ್ತು ಬಂದು, ಮಗಳ ತೊಡೆಯ ಮೇಲೆ ಅಂಗೈಯಿಂದ ತಟ್ಟಿದಳು. “ತಪ್ಪು ಎತ್ತರದ್ದಲ್ಲ, ಅಗಲದ್ದು. ಈ ಸೀಟು, ಈ ಟ್ಯಾಂಕು ಎಮ್ಮೆ ಬೆನ್ನಿನ ಹಾಗಿವೆ. ನಿನ್ನ ಕಾಲು ಅಡ್ಡಕ್ಕೆ ಹೋಗ್ತಿವೆ, ಕೆಳಕ್ಕೆ ಹೋಗ್ತಿಲ್ಲ. ಸೊಂಟ ಸಣ್ಣ ಮಾಡು. ಆಮೇಲೆ ಗಾಡಿ ಇಷ್ಟು ತಗ್ಗಿಸೋ ಕೆಲಸನೇ ಇರಲ್ಲ.”

ಚೋಟಮ್ಮ, ಮಾವ, ಅವನ ಹಿಂದೆಯೇ ಬಂದಿದ್ದ ಪೇಂಟರ್, ಮೂವರೂ ಅಮ್ಮನ ಮುಖ ನೋಡಿದರು.

“ಏನು ಹಾಗೆ ನೋಡ್ತೀರಾ? ಜನ್ಮವಿಡೀ ಜನರ ಕುಂಡಿ ಅಳತೆ ಮಾಡಿದೀನಿ” ಎಂದು ಅಮ್ಮ ಒಳಗೆ ಹೋದಳು. ಹೊಲಿಗೆ ಯಂತ್ರ ಮತ್ತೆ ಸದ್ದು ಮಾಡತೊಡಗಿತು. ಈ ಸಲ ಅದು ಹೊಲಿಯುತ್ತಿದ್ದುದು ಗಿರಾಕಿಯ ಸೀಟಲ್ಲ.

ಚೋಟಮ್ಮ ಹಳೆಯ ಟ್ಯಾಂಕು ಕಿತ್ತು ಬಿಸಾಕಿದಳು. ಹೊಸದನ್ನು ಮುಂದೆ ಅಗಲವಾಗಿ, ಮೊಣಕಾಲಿನ ಹತ್ತಿರ ಬರುಬರುತ್ತ ಕಿರಿದಾಗಿ, ಒಂದು ಮುಷ್ಟಿಯಲ್ಲಿ ಹಿಡಿಯುವಷ್ಟು ತೆಳ್ಳಗಾಗುವಂತೆ ಬಡಿದಳು. ಅಷ್ಟು ಚೂಪಾಗಿ ಬಳುಕುವಾಗ ತಗಡು ಸುಕ್ಕುಗಟ್ಟುತ್ತದೆ, ಹರಿಯುತ್ತದೆ. ಎರಡು ಸಲ ಹರಿಯಿತು. ಮೂರನೆಯದು ಒಪ್ಪಿತು. ಗಾಡಿಯನ್ನು ಮತ್ತೆ ಒಂದಿಷ್ಟು ಎತ್ತರಿಸಿ, ದೊಡ್ಡ ಗಾಲಿ ಹಾಕಿ, ಹಿಂದೆ ಒಂದಾಳು ಕೂರುವಷ್ಟು ಸೀಟನ್ನೂ ಉಳಿಸಿಕೊಂಡಳು. ಹತ್ತಿ ಕೂತು ಒಂದು ಬದಿಗೆ ಜರುಗಿದರೆ ಎಡಗಾಲು ನೆಲಕ್ಕೆ ಪೂರ್ತಿ ಊರುತ್ತಿತ್ತು. ಎರಡೂ ಕಾಲು ಊರಬೇಕೆಂದು ಯಾರು ಹೇಳಿದ್ದು?

“ಬಣ್ಣ ಯಾವುದು? ಮುದ್ದಾಗಿ ಗುಲಾಬಿ ಹಾಕಿ, ಎರಡು ಚಿಟ್ಟೆ ಬಿಡ್ಲಾ?” ಎಂದು ಪೇಂಟರ್ ಕೇಳಿದ.

“ಚಿಟ್ಟೆ ನಿನ್ನ ತಲೆ ಮೇಲೆ ಬಿಟ್ಕೋ. ಬಣ್ಣ ಬೇಡ. ತಗಡು ತಗಡಿನ ಹಾಗೇ ಕಾಣಲಿ. ಕೊಡತಿ ಬಿದ್ದ ಗುರುತು ಒಂದೂ ಮುಚ್ಚಬೇಡ.”

ಪೇಂಟರ್ ಎರಡು ದಿನ ಮುನಿಸಿಕೊಂಡು, ಆಮೇಲೆ ಬಂದು ತುಕ್ಕು ಹಿಡಿಯದಂತೆ ತೆಳುವಾಗಿ ಬರೀ ವಾರ್ನಿಶ್ ಹಾಕಿಕೊಟ್ಟ. ಬಿಸಿಲಿಗೆ ಹಿಡಿದರೆ ಆ ಟ್ಯಾಂಕು ಗಾಳಿ ಬೀಸಿದ ಕೆರೆಯ ನೀರಿನ ಹಾಗೆ ಮಿನುಗುತ್ತಿತ್ತು.

ಲೈಸೆನ್ಸ್ ಪರೀಕ್ಷೆಗೆ ಹೋದಾಗ ಅಧಿಕಾರಿ ಅವಳನ್ನು ಅಡಿಯಿಂದ ಮುಡಿಯವರೆಗೆ ನೋಡಿದ. ಅದಕ್ಕೆ ಹೆಚ್ಚು ಹೊತ್ತು ಹಿಡಿಯಲಿಲ್ಲ. “ಕಾಲು ನೆಲಕ್ಕೆ ತಾಗುತ್ತೇನಮ್ಮಾ?” ಎಂದ.

“ಓಡಿಸುವಾಗ ಯಾರ ಕಾಲು ನೆಲಕ್ಕೆ ತಾಗುತ್ತೆ ಸಾರ್?”

ಸಾಲಿನಲ್ಲಿ ನಿಂತವರು ಗೊಳ್ಳೆಂದರು. ಅಧಿಕಾರಿ ಗಾಡಿಯ ಬ್ರೇಕು, ದೀಪ, ಬೆಸುಗೆ ಎಲ್ಲವನ್ನೂ ಬಗ್ಗಿ ಬಗ್ಗಿ ನೋಡಿದ. ಅವಳು ಎಂಟರ ಆಕಾರದಲ್ಲಿ ಸುತ್ತು ಬಂದು, ಅವನ ಬೂಟಿನ ಮುಂದೆ ಬಂದು ನಿಲ್ಲಿಸಿದಳು. ಅವನು ಸಹಿ ಹಾಕಿದ.

ಆಮೇಲಿನ ದಿನಗಳು ಚೋಟಮ್ಮನ ಬದುಕಿನ ಒಳ್ಳೆಯ ದಿನಗಳು. ತಗಡು ತರಲು ಅವಳೇ ಹೋದಳು, ಸ್ಕ್ರೂ ತರಲು ಅವಳೇ ಹೋದಳು, ಬೇಕಿಲ್ಲದಿದ್ದರೂ ಹೋದಳು. ಸಿಗ್ನಲ್ಲಿನಲ್ಲಿ ಕಾರಿನವರು ಗಾಜು ಇಳಿಸಿ ನೋಡುತ್ತಿದ್ದರು. ಅವಳು ತಿರುಗಿ ಅವರನ್ನು ಅಷ್ಟೇ ಹೊತ್ತು ನೋಡುತ್ತಿದ್ದಳು, ಗಾಜು ಮೇಲೇರುತ್ತಿತ್ತು.

ಹಾಗೆ ನೋಡಿದವರಲ್ಲಿ ಒಬ್ಬ ದೊಡ್ಡ ರಸ್ತೆಯ ಮೋಟಾರ್‌ಸೈಕಲ್ ಶೋರೂಮಿನ ಮ್ಯಾನೇಜರ್. ಒಂದು ಬೆಳಿಗ್ಗೆ ಶೆಡ್ಡಿಗೇ ಬಂದ. ಇಸ್ತ್ರಿ ಮುರಿಯದ ಅಂಗಿ, ಎಣ್ಣೆ ನೆಲದ ಮೇಲೆ ತುದಿಗಾಲ ನಡಿಗೆ. ಚೋಟಮ್ಮ ಎದುರಿಗೇ ನಿಂತಿದ್ದರೂ ಅವಳ ತಲೆಯ ಮೇಲಿಂದ ಮಾವನ ಜೊತೆ ಮಾತಾಡಿದ.

“ಯಜಮಾನ್ರೇ, ನಮ್ಮಲ್ಲಿ ಒಂದು ಪ್ರದರ್ಶನ ಇಟ್ಕೊಂಡಿದೀವಿ. ಊರಲ್ಲಿ ಗಾಡಿ ಕಟ್ಟೋರೆಲ್ಲ ಬರ್ತಾರೆ. ನಿಮ್ಮ ಹುಡುಗಿ, ಅವಳ ಗಾಡಿ, ಎರಡೂ ಬೇಕು. ಒಳ್ಳೇದಾದ್ರೆ ನಮ್ಮ ಗಿರಾಕಿಗಳ ಟ್ಯಾಂಕಿನ ಕೆಲಸ ಎಲ್ಲ ನಿಮಗೇ ಕಳಿಸ್ತೀನಿ.”

ಮಾವನ ಮುಖ ಅರಳಿತು. ಅಷ್ಟು ಕೆಲಸ ಬಂದರೆ ಶೆಡ್ಡಿಗೆ ಇನ್ನೊಂದು ಶೆಡ್ಡು ಸೇರಿಸಬಹುದು.

“ನನ್ನ ಗಾಡಿ ಎಲ್ಲಿ ನಿಲ್ಲಿಸ್ತೀರಿ?” ಕೆಳಗಿನಿಂದ ಚೋಟಮ್ಮ ಕೇಳಿದಳು.

ಮ್ಯಾನೇಜರ್ ಆಗ ಕೆಳಗೆ ನೋಡಿದ. “ನಿಲ್ಲಿಸೋದೇನು, ಓಡಿಸ್ತೀಯಾ ಪುಟ್ಟಾ! ವೇದಿಕೆ ಮೇಲೆ!”

“ಮೊದಲು ಬೇರೆಯವರ ಗಾಡಿ ಸಾಲಲ್ಲಿ ನಿಲ್ಲಬೇಕು. ಮುಂದೆ ಬೋರ್ಡ್ ಇರಬೇಕು, ಯಾರು ಕಟ್ಟಿದ್ದು ಅಂತ. ಫ್ರೇಮು, ಟ್ಯಾಂಕು ನಾನು. ಸೀಟು ನಮ್ಮಮ್ಮ. ಆಮೇಲೆ ಬೇಕಾದ್ರೆ ಓಡಿಸ್ತೀನಿ.”

“ಅಷ್ಟೇ ತಾನೇ? ಆಯ್ತು ಆಯ್ತು” ಎಂದು ಅವನು ಅವಳ ತಲೆ ಸವರಲು ಕೈ ಚಾಚಿದ. ಅವಳ ಕೈಯಲ್ಲಿ ಕೊಡತಿ ಕಂಡು ಕೈಯನ್ನು ಜೇಬಿಗೆ ಇಳಿಸಿದ.

ಪ್ರದರ್ಶನದ ದಿನ ಮಾವ ಒಗೆದ ಅಂಗಿ ಹಾಕಿಕೊಂಡ. ಅಮ್ಮ ಬರಲಿಲ್ಲ, ಅವಳಿಗೆ ಗುಂಪು ಆಗದು. ಗಾಡಿಯನ್ನು ಹಿಂದಿನ ದಿನವೇ ಶೋರೂಮಿನವರು ಒಯ್ದಿದ್ದರು. ಗಾಜಿನ ಗೋಡೆ, ಹಾಡುಹಗಲಲ್ಲೂ ಉರಿಯುವ ದೀಪಗಳು, ಮುಖ ಕಾಣುವಂಥ ನೆಲ. ಒಂದೊಂದು ಗಾಡಿಯೂ ಒಂದೊಂದು ಗುಂಡನೆಯ ಪೀಠದ ಮೇಲೆ ನಿಂತಿತ್ತು, ಮುಂದೆ ಕಟ್ಟಿದವರ ಹೆಸರಿನ ಬೋರ್ಡು. ಚೋಟಮ್ಮ ಈ ಕೊನೆಯಿಂದ ಆ ಕೊನೆಯವರೆಗೆ ನಡೆದಳು. ತಿರುಗಿ ಬಂದಳು. ಅವಳ ಗಾಡಿ ಇರಲಿಲ್ಲ.

ಅದು ಸಿಕ್ಕಿದ್ದು ವೇದಿಕೆಯ ಪರದೆಯ ಹಿಂದೆ. ಹ್ಯಾಂಡಲ್ಲಿಗೆ ಬಣ್ಣಬಣ್ಣದ ಗ್ಯಾಸ್ ಬಲೂನು ಕಟ್ಟಿದ್ದರು. ಸೀಟಿನ ಸುತ್ತ ಮಿರಿಮಿರಿ ಕಾಗದ. ಕೊಡತಿಯ ಗುರುತು ಮಿನುಗಬೇಕಾದ ಟ್ಯಾಂಕಿನ ಮೇಲೆ ತಟ್ಟೆಯಗಲದ ನಗುಮುಖದ ಸ್ಟಿಕ್ಕರು. ಪಕ್ಕದ ಕುರ್ಚಿಯ ಮೇಲೆ ಅವಳಿಗೆಂದು ತಂದಿಟ್ಟ ಕೆಂಪು ಕೋಟು, ತುದಿಯಲ್ಲಿ ಉಣ್ಣೆಯ ಉಂಡೆ ಇರುವ ಟೋಪಿ.

“ಬೋರ್ಡು?” ಎಂದಳು.

“ಅದೆಲ್ಲ ಆಮೇಲೆ. ನೀನೇ ಇವತ್ತಿನ ವಿಶೇಷ ಪುಟ್ಟಾ. ಬೇಗ ಕೋಟು ಹಾಕ್ಕೋ” ಎಂದು ಮ್ಯಾನೇಜರ್ ಪರದೆಯಾಚೆ ಮಾಯವಾದ.

ಅವಳು ಕೋಟು ಮುಟ್ಟಲಿಲ್ಲ. ಉಗುರಿನಿಂದ ಸ್ಟಿಕ್ಕರಿನ ಅಂಚು ಎಬ್ಬಿಸಿ ನಿಧಾನವಾಗಿ ಸುಲಿದಳು. ಬಲೂನಿನ ದಾರಕ್ಕೆ ಕೈ ಹಾಕುವಷ್ಟರಲ್ಲಿ ಪರದೆ ಸರಿಯಿತು.

ಎದುರಿಗೆ ತುಂಬಿದ ಕುರ್ಚಿಗಳು. ಅವಳು ಕಂಡದ್ದೇ ತಡ, ಚಪ್ಪಾಳೆ. ಅವಳಿನ್ನೂ ಒಂದು ಹೆಜ್ಜೆಯನ್ನೂ ಇಟ್ಟಿರಲಿಲ್ಲ. ನಿರೂಪಕ ಮೈಕು ಹಿಡಿದು ಬಂದು ಅವಳ ಪಕ್ಕ ಮೊಣಕಾಲೂರಿದ. “ಮೂರ್ತಿ ಚಿಕ್ಕದಾದರೂ...” ಎಂದು ರಾಗವೆಳೆದ. “ಕೀರ್ತಿ ದೊಡ್ಡದು!” ಎಂದು ಕುರ್ಚಿಗಳೆಲ್ಲ ಒಟ್ಟಿಗೆ ಕೂಗಿದವು. ಆ ಗಾದೆಯನ್ನು ಅವಳು ಶಾಲೆಯ ವಾರ್ಷಿಕೋತ್ಸವದಲ್ಲಿ ಕೇಳಿದ್ದಳು, ನೆಂಟರ ಮನೆಯಲ್ಲಿ ಕೇಳಿದ್ದಳು, ಬಸ್ಸಿನಲ್ಲಿ ಗುರುತಿಲ್ಲದವರ ಬಾಯಲ್ಲಿ ಕೇಳಿದ್ದಳು. ಹೇಳಿದವರೆಲ್ಲ ತಾವೇ ಮೊದಲು ಹೇಳಿದಂತೆ ಬೀಗುತ್ತಿದ್ದರು.

“ಈಗ ನಮ್ಮ ಪುಟಾಣಿ ಗಾಡಿ ಏರ್ತಾಳೆ!” ಎಂದ ನಿರೂಪಕ, ಮೈಕನ್ನು ಬಗಲಿಗೆ ಸಿಕ್ಕಿಸಿಕೊಂಡು, ಅವಳ ಕಂಕುಳಿಗೆ ಎರಡೂ ಕೈ ಹಾಕಿ ಎತ್ತಿಬಿಟ್ಟ. ಎತ್ತಿ, ಒಮ್ಮೆ ಆ ಕಡೆ ಒಮ್ಮೆ ಈ ಕಡೆ ತಿರುಗಿಸಿ ಎಲ್ಲರಿಗೂ ತೋರಿಸಿದ. ಚಪ್ಪಾಳೆ ಇಮ್ಮಡಿಯಾಯಿತು.

“ಇಳಿಸಿ” ಎಂದಳು ಚೋಟಮ್ಮ.

“ಅಯ್ಯೋ, ನಾಚಿಕೆ ನೋಡಿ!”

ಮೈಕು ಅವನ ಬಗಲಲ್ಲೇ, ಅವಳ ಬಾಯಿಗೆ ಗೇಣು ದೂರದಲ್ಲಿತ್ತು. ಅವಳು ಕತ್ತು ಚಾಚಿ, ಇಡೀ ಸಭಾಂಗಣಕ್ಕೆ ಕೇಳುವಂತೆ ಹೇಳಿದಳು: “ನನಗೆ ಮೂವತ್ತನಾಲ್ಕು ವರ್ಷ. ನಿಮ್ಮ ಮನೆ ಹೆಂಗಸರನ್ನೂ ಹೀಗೇ ಎತ್ತಿ ತೋರಿಸ್ತೀರಾ? ಇಳಿಸಿ.”

ಚಪ್ಪಾಳೆ ನಡುವೆಯೇ ತುಂಡಾಯಿತು. ಸುಟ್ಟುಕೊಂಡವನ ಹಾಗೆ ನಿರೂಪಕ ಅವಳನ್ನು ಕೆಳಗಿಟ್ಟ. ಅವನ ಬಗಲಿನಿಂದ ಜಾರಿದ ಮೈಕನ್ನು ಅವಳು ಹಿಡಿದುಕೊಂಡಳು. ಮಾತು ಅವಳು ಜೋಡಿಸಿಟ್ಟದ್ದಲ್ಲ. ಒಳಗಿದ್ದುದು ಹೊರಗೆ ಬಂತು.

“ನಾನು ಬಂದ ಕೂಡ್ಲೇ ಚಪ್ಪಾಳೆ ತಟ್ಟಿದ್ರಿ. ಯಾಕೆ? ನಾನಿನ್ನೂ ಏನೂ ಮಾಡಿರ್ಲಿಲ್ಲ. ಈ ಟ್ಯಾಂಕು ನಾನು ಬಡಿದಿದ್ದು. ಎರಡು ಸಲ ಹರೀತು, ಮೂರನೇ ಸಲ ಬಂತು. ಹತ್ತಿರ ಬಂದು ನೋಡಿ. ಚೆನ್ನಾಗಿದ್ರೆ ಚೆನ್ನಾಗಿದೆ ಅನ್ನಿ, ಕೆಟ್ಟದಾಗಿದ್ರೆ ಬೈರಿ, ನಾನೂ ಬೈತೀನಿ. ನೋಡದೇ ಚಪ್ಪಾಳೆ ತಟ್ಟೋರು ನನಗೆ ಬೇಡ.”

ಮೈಕನ್ನು ನೆಲದ ಮೇಲಿಟ್ಟು ಅವಳು ಬಲೂನಿನ ದಾರ ಕಿತ್ತಳು. ಅವು ಮೇಲೇರಿ ದೀಪಗಳಿಗೆ ತಾಗಿ ಒಂದೊಂದಾಗಿ ಒಡೆದವು. ಪ್ರತಿ ಸದ್ದಿಗೂ ಮ್ಯಾನೇಜರ್ ಬೆಚ್ಚುತ್ತ ವೇದಿಕೆಯ ಕಡೆಗೆ ಧಾವಿಸಿದ. ದಾರಿಯಲ್ಲಿ ಮಾವ ಎದ್ದು ನಿಂತಿದ್ದ. ದೊಡ್ಡ ಆಳು, ಎದ್ದು ನಿಂತರೆ ದಾರಿ ಮುಚ್ಚಿಹೋಗುತ್ತಿತ್ತು.

“ಯಜಮಾನ್ರೇ, ಸ್ವಲ್ಪ ಬುದ್ಧಿ ಹೇಳಿ ಅವಳಿಗೆ. ನಮ್ಮ ಮಾತುಕತೆ ನೆನಪಿರಲಿ. ಅಷ್ಟು ಕೆಲಸ ಯಾರು ಕೊಡ್ತಾರೆ ನಿಮಗೆ?”

ಮಾವ ಅವನ ಮಾತು ಕೇಳಿಸಿಕೊಂಡನೋ ಇಲ್ಲವೋ. ನಿರೂಪಕ ಅವಳನ್ನು ಎತ್ತಿದ ಆ ಕೈಗಳನ್ನು, ಬೆರಳು ಹೂಡಿದ ಆ ರೀತಿಯನ್ನು ಅವನು ನೋಡಿದ್ದ. ಅದು ಅವನದೇ ರೀತಿ. ಹಾಗೆ ಎತ್ತಬಹುದೆಂದು ಜಗತ್ತಿಗೆ ತೋರಿಸಿಕೊಟ್ಟವನು ತಾನೇ ಏನೋ ಎಂದು ಅವನಿಗನಿಸಿತು.

“ಅವಳಿಗೆ ಬುದ್ಧಿ ಇದೆ ಸ್ವಾಮಿ. ನಿಮ್ಮ ಕೆಲಸ ನಿಮ್ಮ ಹತ್ರಾನೇ ಇರ್ಲಿ” ಎಂದು ಅವನು ಹೋಗಿ ಶೋರೂಮಿನ ದೊಡ್ಡ ಗಾಜಿನ ಬಾಗಿಲುಗಳನ್ನು ಎರಡೂ ಕಡೆಗೆ ತೆರೆದು ಹಿಡಿದ.

ಚೋಟಮ್ಮ ಫುಟ್‌ರೆಸ್ಟಿನ ಮೇಲೆ ಎದ್ದು ನಿಂತು ಕಿಕ್ಕರಿನ ಮೇಲೆ ಮೈ ಬಿಟ್ಟಳು. ಒಂದೇ ಏಟಿಗೆ ಹತ್ತಿಕೊಂಡಿತು. ಗಾಡಿ ಇಳಿಸಲೆಂದು ಹಾಕಿದ್ದ ಹಲಗೆಯ ಮೇಲಿಂದ ಇಳಿದು, ಪೀಠಗಳ ನಡುವಿನಿಂದ ಮೆಲ್ಲಗೆ ಸಾಗಿದಳು. ಗಾಡಿ ಕಟ್ಟುವವರು ಒಬ್ಬಿಬ್ಬರು ಬಗ್ಗಿ ಅವಳ ಟ್ಯಾಂಕನ್ನೇ ನೋಡುತ್ತಿದ್ದರು, ಚಪ್ಪಾಳೆ ತಟ್ಟಲಿಲ್ಲ. ಬಾಗಿಲಲ್ಲಿ ಅವಳು ನಿಲ್ಲಿಸಿದಳು.

“ಹತ್ತು ಮಾವ.”

ಮಾವ ಹಿಂದೆ ಕೂತ. ಅವನ ಮೊಣಕಾಲು ಕಿವಿಯವರೆಗೆ ಬಂದವು. ಎಲ್ಲಿ ಹಿಡಿದುಕೊಳ್ಳುವುದೆಂದು ತಿಳಿಯದೆ ಅವಳ ಹೆಗಲ ಮೇಲೆ ಎರಡು ಬೆರಳಿಟ್ಟ. ರಸ್ತೆಯಲ್ಲಿ ಕಂಡವರೆಲ್ಲ ನಕ್ಕರು. ಸಣ್ಣವಳ ಬೆನ್ನಿಗೆ ಬೆಟ್ಟದಂಥವನು ಮುದುರಿ ಕೂತಿದ್ದರೆ ಯಾರು ನಗುವುದಿಲ್ಲ? ಆ ನಗುವಿನಲ್ಲಿ ಅರ್ಧ ಪಾಲು ತನಗೂ ಬಂದದ್ದು ಮಾವನಿಗೆ ಗೊತ್ತಾಯಿತು.

“ಬ್ರೇಕು ಸ್ವಲ್ಪ ಮುಂಚೆ ಹಿಡಿ” ಎಂದ.

“ಹಿಂದೆ ಕೂತೋರು ಸುಮ್ನಿರಬೇಕು.”

ಎರಡು ತಿರುವು ದಾಟಿದವು. ಆಮೇಲೆ, “ಇಷ್ಟು ವರ್ಷ ನಾನೂ ಕೇಳದೇ ಎತ್ತಿದೀನಿ” ಎಂದ.

“ಹೂಂ.”

“ಬೇಡ ಅನ್ನಬಾರದಿತ್ತಾ?”

“ಎಷ್ಟು ಸಲ ಅಂದಿದೀನಿ. ನೀನು ನಗ್ತಿದ್ದೆ.”

ಅವನು ಹೆಗಲ ಮೇಲಿನ ಬೆರಳು ತೆಗೆದು ಸೀಟಿನ ಅಂಚು ಹಿಡಿದುಕೊಂಡ.

ಶೋರೂಮಿನ ಕೆಲಸ ಬರಲಿಲ್ಲ. ಬರುತ್ತಿದ್ದ ಕೆಲವರೂ ಬರುವುದನ್ನು ಬಿಟ್ಟರು. ಪ್ರದರ್ಶನದಲ್ಲಿ ಯಾರೋ ತೆಗೆದ ವಿಡಿಯೋ ಎಲ್ಲರ ಫೋನಿನಲ್ಲೂ ಓಡಾಡಿತು. ಕರೆದು ಗೌರವ ಕೊಟ್ಟರೆ ಹೀಗಾ, ಕೊಬ್ಬು ನೋಡಿ, ಗೇಣುದ್ದ ಇದ್ದಾಳೆ ಮಾರುದ್ದ ಅಹಂಕಾರ — ಹೀಗೆಲ್ಲ ಜನ ಬರೆದರು. ಪೇಂಟರ್ ಅವನ್ನು ಒಂದೊಂದಾಗಿ ಓದಿ ಹೇಳಿದ. ಒಳಕೋಣೆಯಲ್ಲಿ ಹೊಲಿಯುತ್ತಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡು, ನೂಲು ಹಲ್ಲಿನಿಂದ ಕಡಿದು, “ಇಷ್ಟು ದಿನ ‘ಪಾಪ’ ಅಂತಿದ್ರು. ಈಗ ಅಹಂಕಾರಿ ಅಂತಿದ್ದಾರೆ. ಬಡ್ತಿ ಸಿಕ್ತಲ್ಲೇ ನಿಂಗೆ!” ಎಂದಳು. ಚೋಟಮ್ಮ ನಕ್ಕು ನಕ್ಕು ಕೊಡತಿ ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಹಾಗೆ ಕೆಲಸ ತೆಳುವಾಗಿದ್ದ ಒಂದು ದಿನ ಶೆಡ್ಡಿನ ಬಾಗಿಲಲ್ಲಿ ಒಬ್ಬ ಗಂಡಸು ತಲೆ ತಗ್ಗಿಸಿ ನಿಂತ. ವಿನಯಕ್ಕಲ್ಲ, ತಗ್ಗಿಸದಿದ್ದರೆ ಬಾಗಿಲ ಪಟ್ಟಿ ಹಣೆಗೆ ಬಡಿಯುತ್ತಿತ್ತು. ಮಾವ ಕೂಡ ಅವನ ಮುಖ ನೋಡಲು ಕತ್ತೆತ್ತಬೇಕಾಯಿತು.

“ಇಲ್ಲಿ ಆಳಿಗೆ ತಕ್ಕ ಹಾಗೆ ಗಾಡಿ ಕತ್ತರಿಸ್ತಾರೆ ಅಂತ ಕೇಳಿದೆ” ಎಂದ. “ಯಾವ ಗಾಡಿ ಹತ್ತಿದ್ರೂ ಮೊಣಕಾಲು ಹ್ಯಾಂಡಲ್ಲಿಗೆ ಬಡಿಯುತ್ತೆ. ಮಕ್ಕಳ ಸೈಕಲ್ ಕದ್ಕೊಂಡು ಹೋಗ್ತಿರೋನ ಹಾಗೆ ಕಾಣ್ತೀನಿ. ನೆಂಟರು ಬಲ್ಬು ಹಾಕೋಕೆ ಮಾತ್ರ ಕರೀತಾರೆ. ಇಲ್ಲಿ ಟ್ಯಾಂಕು ಮಾಡೋರು ಯಾರು?”

“ನಾನು” ಎಂದಳು ಚೋಟಮ್ಮ.

ಅವನು ಕೆಳಗೆ ನೋಡಿದ, ಅವಳು ಮೇಲೆ ನೋಡಿದಳು. ಇಬ್ಬರಿಗೂ ನಗು ಬಂತು, ಇಬ್ಬರೂ ತಡೆದುಕೊಳ್ಳಲಿಲ್ಲ.

“ಫ್ರೇಮು ಉದ್ದ ಮಾಡ್ಬೇಕಾಗುತ್ತೆ” ಎಂದು ಮಾವ ಆಗಲೇ ಗುಜರಿ ರಾಶಿಯಲ್ಲಿ ಕೊಳವೆ ಹುಡುಕತೊಡಗಿದ್ದ. ಅಮ್ಮ ಅಳತೆ ಟೇಪು ತಂದು ಮಗಳ ಕೈಗೆ ಕೊಟ್ಟು, ಬಂದವನನ್ನು ಹಿಂದಿನಿಂದ ಒಮ್ಮೆ ನೋಡಿ ಒಳಗೆ ಹೋದಳು. ಅಷ್ಟು ಸಾಕಾಗಿತ್ತು ಅವಳಿಗೆ.

ಚೋಟಮ್ಮ ಇಂಜಿನ್ನಿನ ಪೆಟ್ಟಿಗೆಯೊಂದನ್ನು ಎಳೆದುಕೊಂಡು ಅದರ ಮೇಲೆ ಹತ್ತಿ ನಿಂತಳು. ಆದರೂ ಟೇಪು ಅವನ ಹೆಗಲಿಗೆ ನಿಲುಕಲಿಲ್ಲ. ಅವನು ಬಗ್ಗಲು ಹೋದ.

“ಬಗ್ಗಬೇಡಿ. ಬಗ್ಗಿದ್ರೆ ಅಳತೆ ತಪ್ಪುತ್ತೆ, ನೆಟ್ಟಗೆ ನಿಂತ್ಕೊಳ್ಳಿ” ಎಂದು ಅವಳು ಟೇಪಿನ ಒಂದು ತುದಿಯನ್ನು ಅವನ ಕೈಗೆ ಕೊಟ್ಟಳು. “ಮೇಲಿಂದು ನೀವು ಹಿಡೀರಿ. ಕೆಳಗಿಂದು ನಾನು ಹಿಡೀತೀನಿ.”